ಮನೆಯ ಕಂಪ್ಯೂಟರುಗಳಿಗೆ ಮೊದಲ ನ್ಯಾಸ್: ಆಯ್ಕೆಯ ಹಾದಿ

ಮೈಸೂರಿನ ದಕ್ಷಿಣಕ್ಕೆ, ನಂಜನಗೂಡು ರಸ್ತೆಯಲ್ಲಿ ವಿಮಾನ ನಿಲ್ದಾಣವಿರುವ ಮಂಡಕಳ್ಳಿಯಂತಹ ಕಡೆಗಳಲ್ಲಿಯೂ ಜಮೀನಿನ ಪತ್ರ, ಮಕ್ಕಳ ಅಂಕಪಟ್ಟಿ, ಮದುವೆಯ ಛಾಯಾಚಿತ್ರಗಳು ಇಂದು ಕಂಪ್ಯೂಟರಿನಲ್ಲಿಯೇ ಉಳಿಯುತ್ತಿರುವುದರಿಂದ, ಅವುಗಳ ನಕಲನ್ನು ಕಾಪಿಡುವುದು ಪ್ರತಿ ಕುಟುಂಬದ ಹೊಣೆಯಾಗಿದೆ. ಇದಕ್ಕೆ ಬಳಕೆಯಾಗುವ ಸಾಧನವೇ ನ್ಯಾಸ್. ಅಂದರೆ ತನ್ನದೇ ಪ್ರೊಸೆಸರ್ ಮತ್ತು ತಂತ್ರಾಂಶವನ್ನು ಹೊಂದಿ, ರೂಟರಿಗೆ ಜೋಡಣೆಗೊಂಡು, ಮನೆಯ ಎಲ್ಲ ಕಂಪ್ಯೂಟರುಗಳಿಗೂ ತೆರೆದುಕೊಳ್ಳುವ ಹಾರ್ಡ್ ಡಿಸ್ಕ್ ಪೆಟ್ಟಿಗೆ.

ಮೊದಲ ಖರೀದಿಗೆ ಎರಡು ಡಿಸ್ಕ್ ಹಿಡಿಯುವ ಮಾದರಿ ಸಾಕು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ 1988ರಲ್ಲಿ ವಿವರಿಸಿದ ರೇಡ್ ಪದ್ಧತಿಯ ಮೊದಲ ಹಂತದಲ್ಲಿ ಒಂದೇ ಮಾಹಿತಿಯನ್ನು ಎರಡೂ ಡಿಸ್ಕುಗಳಲ್ಲಿ ಬರೆಯಲಾಗುತ್ತದೆ. ಆದ್ದರಿಂದ 4 ಟೆರಾಬೈಟಿನ ಎರಡು ಡಿಸ್ಕುಗಳಿಂದ ದೊರೆಯುವ ಜಾಗ 4 ಟೆರಾಬೈಟ್ ಮಾತ್ರವಾದರೂ, ಒಂದು ಕೆಟ್ಟರೆ ಇನ್ನೊಂದರಿಂದ ಕೆಲಸ ಮುಂದುವರಿಯುತ್ತದೆ. ಆದರೆ ಕೈತಪ್ಪಿ ಅಳಿಸಿದ ಕಡತ ಎರಡರಿಂದಲೂ ಒಂದೇ ಕ್ಷಣದಲ್ಲಿ ಮಾಯವಾಗುವುದರಿಂದ, ಹಿಂದಿನ ದಿನಗಳ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ಸೌಲಭ್ಯವಿರುವ ಮಾದರಿಯನ್ನೇ ಆರಿಸಬೇಕು.

ವೇಗವು ಪೆಟ್ಟಿಗೆಯ ಜೊತೆಗೆ ರೂಟರನ್ನೂ ಅವಲಂಬಿಸಿದೆ. ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಮೆಗಾಬೈಟ್ ಸಾಗುವುದರಿಂದ 1 ಟೆರಾಬೈಟಿನ ನಕಲು ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿದರೆ, 100 ಮೆಗಾಬಿಟ್ಟಿನ ಹಳೆಯ ರೂಟರಿನಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ಇಡೀ ದಿನ ಹಿಡಿಯುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಗೆ ಮೈಸೂರಿನ ಸುತ್ತ ವಿದ್ಯುತ್ ಕೈಕೊಡುವುದುಂಟು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಡತಗಳು ಹಾಳಾಗಬಹುದಾದ್ದರಿಂದ, ನ್ಯಾಸಿಗೆ ಸೂಚನೆ ಕಳುಹಿಸಿ ಅದು ತಾನಾಗಿ ಕ್ರಮಬದ್ಧವಾಗಿ ಮುಚ್ಚಿಕೊಳ್ಳುವಂತೆ ಮಾಡುವ ಯುಪಿಎಸ್ ಇರಬೇಕು. ಸರಾಸರಿ 20 ವಾಟ್ ಬಳಸುವ ಪೆಟ್ಟಿಗೆ ಹಗಲಿರುಳು ನಡೆದರೆ ತಿಂಗಳಿಗೆ ಸುಮಾರು 14 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

ಪೆಟ್ಟಿಗೆಯನ್ನು ಅಂತರಜಾಲಕ್ಕೆ ನೇರವಾಗಿ ತೆರೆದಿಡುವುದು ಅಪಾಯಕರ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಹಾಗೆ ತೆರೆದಿದ್ದ ನ್ಯಾಸ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಹೀಗಾಗಿ ತಂತ್ರಾಂಶಕ್ಕೆ ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ದೊರೆಯುತ್ತದೆ ಎಂಬುದನ್ನು ಬೆಲೆಗಿಂತ ಮೊದಲು ವಿಚಾರಿಸಬೇಕು.

ಇಷ್ಟಾದರೂ ಒಂದೇ ಸೂರಿನಡಿಯ ಪ್ರತಿಗಳು ಬೆಂಕಿಗೆ, ಕಳ್ಳತನಕ್ಕೆ ಒಟ್ಟಿಗೇ ತುತ್ತಾಗಬಲ್ಲವು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅರ್ಥಶಾಸ್ತ್ರವನ್ನು 1909ರಲ್ಲಿ ಮುದ್ರಿಸಿದ ಮೇಲೆ, ಆ ಪಾಠದ ಉಳಿವು ಒಂದು ಕಟ್ಟಡದ ಮೇಲೆ ನಿಂತಿರಲಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಇಂದಿನ ನಿಯಮವೂ ಅದೇ ವಿವೇಕವನ್ನು ಹೇಳುತ್ತದೆ. ಗೂಢಲಿಪೀಕರಿಸಿದ ಒಂದು ಯುಎಸ್‌ಬಿ ಡಿಸ್ಕನ್ನು ಬಂಧುಗಳ ಮನೆಯಲ್ಲಿಟ್ಟರೂ ಅದು ನೆರವೇರುತ್ತದೆ. ಕೊಂಡ ಮೊದಲ ವಾರದಲ್ಲಿಯೇ ಒಂದು ಕಡತಕೋಶವನ್ನು ನಕಲಿನಿಂದ ಮರಳಿ ಪಡೆದು ತೆರೆದು ನೋಡಬೇಕು. ಮರಳಿ ತೆರೆಯದ ನಕಲನ್ನು ನಕಲೆಂದು ಎಣಿಸಲಾಗದು.