ಎಲ್‌ಇಡಿ ದೀಪಕ್ಕೂ ಸೆಕೆಯುಂಟು

ಕಾಟ್ಟಿಕುಳಂ ಪೇಟೆಯಲ್ಲಿ ನಾವು ವಿದ್ಯುತ್ ಸಾಮಾನಿನ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ಡಿಸೆಂಬರ್, ಜನವರಿಯಲ್ಲಿ ಬೆಳಿಗ್ಗೆ ಕಂಬಳಿ ಬಿಟ್ಟೇಳಲು ಮನಸ್ಸಾಗದ ಊರಿದು. ಇಂಥ ವಯನಾಡಿನಲ್ಲಿ ದೀಪ ಬಿಸಿಯಿಂದ ಸಾಯುತ್ತದೆ ಎಂದರೆ ಗಿರಾಕಿಗಳು ನಗುತ್ತಾರೆ. ನಾವೂ ಒಂದು ಕಾಲಕ್ಕೆ ನಕ್ಕವರೇ.

2017ರಲ್ಲಿ ನಮ್ಮ ನೆಂಟರೊಬ್ಬರು ಹೊಸ ಮನೆ ಕಟ್ಟಿಸಿದರು. ದೀಪಕ್ಕೆ ಹುಳ ಬಿದ್ದು ಸಾಯಬಾರದೆಂದು ಒಳಗೆಲ್ಲ ಮುಚ್ಚಿದ ಗಾಜಿನ ಗೋಳಗಳನ್ನು ಹಾಕಿಸಿದರು. ಅವರ ಎಣಿಕೆ ಸರಿಯಾದದ್ದೇ. ನಾವು 9 ವ್ಯಾಟಿನ 24 ಬಲ್ಬ್ ಕೊಟ್ಟು ಎರಡು ವರ್ಷದ ಗ್ಯಾರಂಟಿಯನ್ನೂ ಬಾಯಿ ತುಂಬ ಹೇಳಿದೆವು. ಎಂಟು ತಿಂಗಳಲ್ಲಿ 11 ಬಲ್ಬ್ ಹೋದವು. "ಭಾವಾ, ನಿಮ್ಮ ಮಾತು ನಂಬಿ ಹಾಕಿಸಿದ್ದು" ಎಂದು ಅವರು ಚೀಲವನ್ನು ಮೇಜಿನ ಮೇಲಿಟ್ಟಾಗ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಬದಲಿ ಕೊಟ್ಟೆವು. ಅವೂ ಹೋಗತೊಡಗಿದವು. ವಿಚಿತ್ರವೆಂದರೆ, ಅದೇ ಪೆಟ್ಟಿಗೆಯಿಂದ ತೆಗೆದು ಜಗಲಿಯ ತೆರೆದ ಹೋಲ್ಡರಿಗೆ ಹಾಕಿದ ಬಲ್ಬುಗಳಲ್ಲಿ ಒಂದೂ ಕೆಟ್ಟಿರಲಿಲ್ಲ.

ಆಗ ಕುಳಿತು ವಿಷಯ ತಿಳಿದುಕೊಂಡೆವು. ಹಳೆಯ ತಂತಿ ಬಲ್ಬು ಉರಿಯುವುದೇ ಕಾವಿನಿಂದ. ತಂತಿ ಸುಮಾರು 2500 ಡಿಗ್ರಿಗೆ ಕಾಯುತ್ತದೆ, ಆ ಕಾವಿನ ಬಹುಪಾಲು ಬೆಳಕಿನ ಜೊತೆಗೇ ಕಿರಣವಾಗಿ ಹೊರಗೆ ಹೋಗುತ್ತದೆ. ಎಲ್‌ಇಡಿಯಲ್ಲಿ ಹಾಗಲ್ಲ. ಎಳ್ಳಿನಷ್ಟು ಸಣ್ಣ ಚಿಪ್ಪಿಗೆ ಹೋದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲು, ಒಳ್ಳೆಯದಾದರೆ ತುಸು ಹೆಚ್ಚು, ಬೆಳಕಾಗುತ್ತದೆ. ಉಳಿದದ್ದು ಕಾವಾಗಿ ಅಲ್ಲೇ ನಿಲ್ಲುತ್ತದೆ. ಮುಂದಿನಿಂದ ಹೊರಟುಹೋಗಲು ಅದಕ್ಕೆ ದಾರಿಯಿಲ್ಲ. ಚಿಪ್ಪಿನಿಂದ ಹಿಂದಿನ ಅಲ್ಯೂಮಿನಿಯಂ ತಗಡಿಗೆ, ತಗಡಿನಿಂದ ಬಲ್ಬಿನ ಮೈಗೆ, ಮೈಯಿಂದ ಗಾಳಿಗೆ ಹೋಗಬೇಕು. ಒಂದೇ ಬಾಗಿಲಿನ ಗೋದಾಮಿನಂತೆ, ಬಾಗಿಲಲ್ಲಿ ಮೂಟೆ ಅಡ್ಡವಾದರೆ ಒಳಗಿನದೆಲ್ಲ ಒಳಗೇ.

ಕಾವು ಹೆಚ್ಚಾದಂತೆ ಚಿಪ್ಪಿನ ಬೆಳಕು ಕುಗ್ಗುತ್ತದೆ. ಆದರೆ ಸಾಮಾನ್ಯವಾಗಿ ಮೊದಲು ಸಾಯುವುದು ಚಿಪ್ಪಲ್ಲ, ಕೆಳಗಿನ ಡ್ರೈವರಿನಲ್ಲಿರುವ ಕೆಪಾಸಿಟರ್. ಅದರೊಳಗಿನ ದ್ರವ ಕಾವಿಗೆ ಮೆಲ್ಲನೆ ಒಣಗುತ್ತದೆ. 10 ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. 20 ಡಿಗ್ರಿ ಏರಿದರೆ ಕಾಲು ಪಾಲು. ಗಾಳಿಯಾಡದ ಗೋಳದೊಳಗೆ ಅಷ್ಟು ಏರುವುದು ದೊಡ್ಡದಲ್ಲ. ಹೊರಗೆ ಎಷ್ಟು ಚಳಿಯಿದ್ದರೇನು? ಪೆಟ್ಟಿಗೆಯ ಮೇಲಿನ 25,000 ಗಂಟೆ ಸುಳ್ಳಲ್ಲ, ಅದು ಗಾಳಿ ಸಿಗುವ ಜಾಗದ ಲೆಕ್ಕ.

ಬೆಲೆಯ ಮಾತೂ ಇದರಲ್ಲಿದೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸರ್ಕಾರ ಸಗಟಿನಲ್ಲಿ ಬಲ್ಬ್ ಕೊಂಡದ್ದು 310 ರೂಪಾಯಿಗೆ. 2016ರ ಹೊತ್ತಿಗೆ ಅದು ಸುಮಾರು 38ಕ್ಕೆ ಇಳಿಯಿತು. ಬಡವರ ಮನೆಗೂ ಬೆಳಕು ಬಂತು, ಸಂತೋಷವೇ. ಆದರೆ ಮೊದಲಿನ ಬಲ್ಬುಗಳಿಗೆ ರೆಕ್ಕೆ ರೆಕ್ಕೆಯಾಗಿ ಅಲ್ಯೂಮಿನಿಯಂ ಮೈ ಇತ್ತು. ಈಗಿನ ಅಗ್ಗದವುಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ತೆಳು ತಗಡು ಮಾತ್ರ. ಒಂದೇ ವ್ಯಾಟಿನ ಎರಡು ಬಲ್ಬುಗಳನ್ನು ಎರಡು ಕೈಯಲ್ಲಿ ತೂಗಿ ನೋಡಿ, ತಿಳಿಯುತ್ತದೆ. ನಾವು ವ್ಯಾಪಾರಿಗಳೇ ಇದನ್ನು ಹೇಳುವುದು ಕಡಿಮೆ.

ಫಾಲ್ಸ್ ಸೀಲಿಂಗಿನ ದೀಪಗಳ ಮೇಲೆ ಥರ್ಮೋಕೋಲ್, ಹಳೆ ಚೀಲ ಇಡಬೇಡಿ, ಗಾಳಿಗೆ ಜಾಗ ಬಿಡಿ. ಅಂಗಳದ ಫ್ಲಡ್ ಲೈಟಿನ ಹಿಂದಿನ ರೆಕ್ಕೆಗಳಲ್ಲಿ ಧೂಳು, ಜೇಡರಬಲೆ ತುಂಬಿದರೆ ಮೇನ್ ಸ್ವಿಚ್ ಆರಿಸಿ ಮೆತ್ತಗಿನ ಬ್ರಷ್‌ನಿಂದ ತೆಗೆಸಿ. ಬಲೆಯಲ್ಲಿ ಜೀವವಿದ್ದರೆ ಮೊದಲು ಅದನ್ನು ಪಕ್ಕಕ್ಕೆ ಬಿಡಿ.

ನೆಂಟರ ಮನೆಗೆ ಮರಳೋಣ. ಗೋಳ ತೆಗೆಸಿ ಎಂದರೆ ಹುಳಗಳ ಗತಿಯೇನು ಎಂದು ಅತ್ತಿಗೆಯವರು ಕೇಳಿದರು. ಬಿಳಿ, ನೀಲಿ ಛಾಯೆಯ ಬೆಳಕಿಗಿಂತ ಹಳದಿ ಛಾಯೆಯ ಎಲ್‌ಇಡಿಗೆ ಹುಳ ಕಡಿಮೆ ಬರುತ್ತದೆ, ಬರುವುದೇ ಇಲ್ಲವೆಂದಲ್ಲ. ಆದ್ದರಿಂದ ಜಗಲಿಯ ಕಡೆ, ಕಿಟಕಿಯ ಬಳಿ ಗೋಳಗಳನ್ನು ಉಳಿಸಿ 5 ವ್ಯಾಟಿನ ಹಳದಿ ಬಲ್ಬ್ ಹಾಕಿದೆವು. ಒಳಕೋಣೆಗಳಿಗೆ ಕೆಳಗೆ ತೆರೆದ ಶೇಡ್, ಕಿಟಕಿಗೆ ಬಲೆ. ಹಳೆಯ ಬಲ್ಬುಗಳ ಹಣ ನಮ್ಮ ನಷ್ಟದ ಖಾತೆಗೆ ಹೋಯಿತು. ಆಮೇಲೆ ಆ ಮನೆಯಿಂದ ಬದಲಿಗೆ ಬಂದದ್ದು ಎರಡೇ.

ಈಗ ಅಂಗಡಿಯಲ್ಲಿ ಎಷ್ಟು ವ್ಯಾಟ್ ಎಂದು ಕೇಳುವ ಮೊದಲು, ಎಲ್ಲಿಗೆ ಹಾಕುತ್ತೀರಿ ಎಂದು ಕೇಳುತ್ತೇವೆ.