ಕಿಟಕಿಯ ಹಿಡಿ

2024ರ ಆಟಿ ತಿಂಗಳಿನ ಒಂದು ಬೆಳಗ್ಗೆ, ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿದ್ದಾಗ, ತಾಯಿಯವರು ಒಳಕೋಣೆಯಿಂದ ನನ್ನನ್ನು ಕೂಗಿದರು. ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ ಕುಳಿತಿದ್ದಾರೆ. ಎಡಗೈಯಲ್ಲಿ ಒಂದು ಹಿತ್ತಾಳೆಯ ತುಂಡು. ಕಿಟಕಿಯ ಕದ ಮುಚ್ಚಿಯೇ ಇದೆ, ಅದರ ಹಿಡಿ ಮಾತ್ರ ಇವರ ಕೈಗೆ ಬಂದಿದೆ. “ನನ್ನ ಕೈಯಲ್ಲೇ ಹೋಯಿತಲ್ಲ” ಎಂದರು. ಎಪ್ಪತ್ತು ವರ್ಷ ಯಾರ ಕೈಗೂ ಮುರಿಯದ ವಸ್ತು ತಮ್ಮ ಕೈಗೆ ಮುರಿಯಿತೆಂಬ ಅಳುಕು ಆ ಮಾತಿನಲ್ಲಿದ್ದಿತು. ನಾನು “ಹೋಗಲಿ ಬಿಡಿ, ಹಳೆಯದಾಗಿತ್ತು” ಎಂದು ಹೇಳಿ ಬಸ್ಸು ಹಿಡಿಯಲು ಓಡಿದೆ. ಆ ಉತ್ತರ ಎಷ್ಟು ಪೊಳ್ಳಾದುದೆಂಬುದು ನನಗಾಗ ತಿಳಿದಿರಲಿಲ್ಲ.

ನಮ್ಮ ಮನೆ ಇರುವುದು ಪಡೀಲಿನಲ್ಲಿ. ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ, ಹಳಬರ ಬಾಯಲ್ಲಿ ಇಂದಿಗೂ ಕಂಕನಾಡಿ ಸ್ಟೇಷನ್ನಿಗೆ, ಒಂದು ಕೂಗಿನ ದೂರದಲ್ಲಿ. 1954ರಲ್ಲಿ ಅಜ್ಜ ಕಟ್ಟಿಸಿದ ಮನೆ. ಮುರಕಲ್ಲಿನ ಗೋಡೆ, ಮೇಲೆ ಮಂಗಳೂರು ಹಂಚು, ಹಲಸಿನ ಮರದ ಕಿಟಕಿ ಬಾಗಿಲುಗಳು. ಕಿಟಕಿಯ ಸರಳುಗಳು ಹೊರಮೈಯಲ್ಲಿವೆ, ಕದಗಳು ಒಳಮೈಯಲ್ಲಿ. ತೆರೆಯಬೇಕಾದರೆ ಹಿಡಿಯನ್ನು ಹಿಡಿದು ನಮ್ಮ ಕಡೆಗೆ ಎಳೆಯಬೇಕು. ಬೇಸಗೆಯಲ್ಲಿ ಇದು ಎರಡು ಬೆರಳಿನ ಕೆಲಸ. ಮಳೆಗಾಲದಲ್ಲಿ ಹಾಗಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರಿನಲ್ಲಿ ಮರವೂ ತೇವವನ್ನು ಹೀರಿ ಉಬ್ಬುತ್ತದೆ. ಉಬ್ಬುವುದು ಉದ್ದಕ್ಕಲ್ಲ, ಎಳೆಗೆ ಅಡ್ಡಲಾಗಿ. ಕದ ಅಗಲವಾಗಿ ಚೌಕಟ್ಟನ್ನು ಕಚ್ಚಿಕೊಳ್ಳುತ್ತದೆ. ಆಗ ಅದನ್ನು ಬಿಡಿಸಲು ಗಟ್ಟಿಯಾದ ಒಂದು ಜಗ್ಗು ಬೇಕು. ಆ ಜಗ್ಗಿನ ಭಾರವೆಲ್ಲ ಹಿಡಿಯ ಎರಡು ತುದಿಗಳಲ್ಲಿರುವ ತಿರುಪುಮೊಳೆಗಳ ಮೇಲೆಯೇ ಬೀಳುತ್ತದೆ.

ತಾಯಿಯವರು ಈ ಮನೆಗೆ ಸೊಸೆಯಾಗಿ ಬಂದುದು 1976ರಲ್ಲಿ. ಅಂದಿನಿಂದಲೂ ಆ ಕಿಟಕಿಯನ್ನು ಬೆಳಗ್ಗೆ ತೆರೆಯುವವರು ಅವರೇ. ಬೆಂಗಳೂರಿನ ರಾತ್ರಿಗಾಡಿ ಕೂಗಿದೊಡನೆ ಎದ್ದು ಕಿಟಕಿ ತೆರೆಯುವುದು, ಆಮೇಲೆ ಉಳಿದ ಕೆಲಸ. ಹಿಡಿಯ ಹೊರಮೈ ಕಪ್ಪಗಾಗಿದ್ದರೂ ಬೆರಳು ಸೇರುವ ಒಳಬಾಗು ಸವೆದು ಚಿನ್ನದಂತೆ ಹೊಳೆಯುತ್ತಿದ್ದಿತು. 2021ರಲ್ಲಿ ಅವರ ಬಲಗೈಯ ಬಲ ಕುಂದಿತು. ಅಲ್ಲಿಂದ ಈಚೆಗೆ ಎಡಗೈಯಿಂದಲೇ ಎಳೆಯುತ್ತಿದ್ದರು. “ನಾನು ತೆಗೆದುಕೊಡುತ್ತೇನೆ” ಎಂದರೆ ಕೇಳುತ್ತಿರಲಿಲ್ಲ. ಮನೆಯಲ್ಲಿ ಅವರ ಪಾಲಿಗೆ ಉಳಿದಿದ್ದ ಕೆಲಸಗಳು ಮೂರೋ ನಾಲ್ಕೋ, ಅದರಲ್ಲಿ ಇದೊಂದು.

ಮೊದಲ ಮೂರು ವಾರ ನಾನು ಮಾಡಿದುದು ಇಷ್ಟೇ. ಹಿಡಿ ಇದ್ದ ಜಾಗದ ತೂತಿಗೆ ಒಂದು ಮೊಳೆ ಸಿಕ್ಕಿಸಿ, ಮೊಳೆಗೆ ನೂಲಿನ ಹುರಿ ಕಟ್ಟಿದೆ. ಮೊಳೆ ಎರಡನೆಯ ದಿನ ಕಿತ್ತುಬಂತು. ತೂತಿಗೆ ಬೆಂಕಿಕಡ್ಡಿ ತುರುಕಿ ಮೊಳೆ ಬಡಿದೆ; ನಾಲ್ಕನೆಯ ದಿನ ಅದೂ ಬಂತು. ಕಡೆಗೆ ಕಿಟಕಿ ಮುಚ್ಚಿಯೇ ಉಳಿಯಿತು. ತಾಯಿಯವರು ಗಾಡಿ ಕೂಗಿದಾಗ ಎದ್ದು ಕುಳಿತು, ಬೆಳಕಾಗುವವರೆಗೆ ಕತ್ತಲೆಯಲ್ಲಿಯೇ ಇರುತ್ತಿದ್ದರು. ದೂರಲಿಲ್ಲ. ದೂರಿದ್ದರೆ ನನಗೆ ಒಳ್ಳೆಯದಾಗುತ್ತಿದ್ದಿತು.

ಇದೇ ದಿನಗಳಲ್ಲಿ ತರಗತಿಯಲ್ಲಿ ನಾನು ಪಕಾರ ಹಕಾರವಾಗುವುದನ್ನು ಪಾಠ ಹೇಳುತ್ತಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಳಗನ್ನಡದ ‘ಪಿಡಿ’ ಹೊಸಗನ್ನಡದಲ್ಲಿ ‘ಹಿಡಿ’ಯಾಯಿತು; ‘ಕೈಪಿಡಿ’ಯಲ್ಲಿ ಮಾತ್ರ ಆ ಹಳೆಯ ಪಕಾರ ಇನ್ನೂ ಕುಳಿತಿದೆ ಎಂದು ಹೇಳಿ, ಉತ್ಸಾಹ ಬಂದು, ಕಿಟಕಿಯ ಕಡೆಗೂ ತಿರುಗಿದೆ. ಕನ್ನಡಕ್ಕೆ ‘ಬೆಳಕಂಡಿ’ ಎಂಬ ಸೊಗಸಾದ ಸ್ವಂತ ಮಾತಿದೆ, ಬೆಳಕು ಬರುವ ಕಂಡಿ. ಸಂಸ್ಕೃತದ ‘ಗವಾಕ್ಷ’ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಉತ್ತರದೇಶದ ನಾವಿಕರ ಹಳೆಯ ಭಾಷೆಯಿಂದ ಬಂದುದು. ಅದರ ಮೂಲಾರ್ಥ ಗಾಳಿಯ ಕಣ್ಣು. ಎಷ್ಟೋ ದೂರದ ಎರಡು ಜನಾಂಗಗಳಿಗೆ ಗೋಡೆಯ ಕಂಡಿಯನ್ನು ನೋಡಿ ಕಣ್ಣೇ ನೆನಪಾಯಿತು! ನಮ್ಮ ಊರಿನ ಕೊಂಕಣಿಯ ‘ಜನೆಲ್’ ಪೋರ್ಚುಗೀಸರು ಬಿಟ್ಟುಹೋದದ್ದು. ಹುಡುಗರು ಬರೆದುಕೊಂಡರು. ಇಷ್ಟನ್ನೆಲ್ಲ ಬಲ್ಲ ಅಧ್ಯಾಪಕನ ಮನೆಯಲ್ಲಿ ಗಾಳಿಯ ಕಣ್ಣೊಂದು ಮೂರು ವಾರದಿಂದ ಮುಚ್ಚಿದ್ದಿತು.

ಒಂದು ಭಾನುವಾರ ಮುರಿದ ಹಿಡಿಯನ್ನು ಜೇಬಿನಲ್ಲಿಟ್ಟುಕೊಂಡು ಬಂದರಿನ ಕಡೆಯ ಅಂಗಡಿಗಳಿಗೆ ಹೋದೆ. ಒಂದು ಅಂಗಡಿಯವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಗೌರವದಿಂದ ಮರಳಿಸಿ, ಕಿಟಕಿಯನ್ನೇ ತೆಗೆಸಿ ಅಲ್ಯೂಮಿನಿಯಮ್ಮಿನ ಜಾರುಕಿಟಕಿ ಹಾಕಿಸಬೇಕೆಂದರು. ಇನ್ನೊಬ್ಬರು ಉಕ್ಕಿನ ಹಿಡಿಗಳ ಪೆಟ್ಟಿಗೆಯನ್ನೇ ಎದುರಿಗೆ ಸುರಿದರು. ಹೊಳಪಿಗೇನೂ ಕೊರತೆಯಿಲ್ಲ. ಆದರೆ ಅಳತೆ ಕೂಡಲಿಲ್ಲ. ನಮ್ಮ ಹಿಡಿಯ ಎರಡು ತೂತುಗಳ ನಡುವೆ ಸರಿಯಾಗಿ ನಾಲ್ಕು ಅಂಗುಲ, ಎಂದರೆ 101.6 ಮಿಲಿಮೀಟರು. ಅಂಗಡಿಯ ಹಿಡಿಗಳಲ್ಲಿ 96, ಇಲ್ಲವೆ 128. ಇದೇನು ವಿಚಿತ್ರ ಸಂಖ್ಯೆಗಳೆಂದು ಕೇಳಿದರೆ, ಕಪಾಟುಗಳ ಕಾರ್ಖಾನೆಗಳಲ್ಲಿ ಯಂತ್ರವು 32 ಮಿಲಿಮೀಟರಿಗೊಂದು ತೂತು ಕೊರೆಯುತ್ತದೆಯಂತೆ. ಅದರ ಮೂರರಷ್ಟು, ನಾಲ್ಕರಷ್ಟು. ನಮ್ಮ ಕಿಟಕಿಗೆ ಕೊರತೆಯಾದುದು ಐದೂವರೆ ಮಿಲಿಮೀಟರು. ಹೊಸ ತೂತು ಹಳೆಯ ತೂತಿನ ಅಂಚಿಗೇ ಬಂದು ಬೀಳುತ್ತದೆ. ನಡುವೆ ತಿರುಪು ಕಚ್ಚಲು ಮರವೇ ಉಳಿಯುವುದಿಲ್ಲ. ಒಂದು ಗೇಣು ತಪ್ಪಿದ್ದರೆ ಚಿಂತೆಯಿರಲಿಲ್ಲ. ಕೂದಲೆಳೆ ತಪ್ಪಿದ್ದರೂ ಇರಲಿಲ್ಲ. ಸ್ವಲ್ಪವೇ ತಪ್ಪುವುದು ಎಲ್ಲಕ್ಕಿಂತ ಕಷ್ಟ.

ಅಜ್ಜ ಮನೆ ಕಟ್ಟಿಸಿದಾಗ ಈ ಜಿಲ್ಲೆ ಇನ್ನೂ ಮದ್ರಾಸು ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರಿಗೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ಅದೇ ವರ್ಷ ಅಳತೆ ತೂಕಗಳ ಕಾಯಿದೆ ಬಂದು ಅಂಗುಲ ಅಡಿಗಳು ಹೋಗಿ ಮೀಟರು ಬರುವುದೆಂದಾಯಿತು. ಮರುವರ್ಷದ ಏಪ್ರಿಲಿನಲ್ಲಿ ಆಣೆ ಹೋಗಿ ನಯಾ ಪೈಸೆ ಬಂತು. ನಮ್ಮ ಕಿಟಕಿಗೆ ಈ ವರ್ತಮಾನ ಯಾವುದೂ ಮುಟ್ಟಲಿಲ್ಲ. ಪಡೀಲಿನಲ್ಲಿ ಮಾತ್ರ ಇದರ ತಿರುಗುಮುರುಗಾದ ಕಥೆಯೊಂದುಂಟು. 1979ರಲ್ಲಿ, ನಾನು ಹುಟ್ಟಿದ ವರ್ಷ, ಹಾಸನದಿಂದ ಘಟ್ಟವಿಳಿದು ಬಂದ ರೈಲುಹಳಿಗಳ ನಡುವಣ ಅಂತರ ಒಂದೇ ಮೀಟರು. ಮುಂದೆ ಅದನ್ನು ಕಿತ್ತು ಅಗಲವಾದ ಹಳಿ ಹಾಕಿದರು. 2007ರ ಕೊನೆಯಲ್ಲಿ ಪ್ರಯಾಣಿಕರ ಗಾಡಿ ಅದರ ಮೇಲೆ ಓಡತೊಡಗಿತು. ಆ ಅಗಲವೆಷ್ಟು? ಐದು ಅಡಿ ಆರು ಅಂಗುಲ! ಲೋಕವೆಲ್ಲ ಅಂಗುಲವನ್ನು ಬಿಟ್ಟು ಮೀಟರಿಗೆ ಹೋಗುತ್ತಿದ್ದಾಗ ನಮ್ಮ ಹಿತ್ತಿಲಿನ ರೈಲು ಮೀಟರನ್ನು ಬಿಟ್ಟು ಅಂಗುಲಕ್ಕೆ ಹೋಯಿತು. ಹಂಚಿಗೆ ಇಂಥ ತೊಂದರೆಯಿಲ್ಲ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಹಂಚು ಅಚ್ಚಿನ ವಸ್ತುವಾಯಿತು. ಒಂದು ಒಡೆದರೆ ಅದೇ ಅಚ್ಚಿನ ಇನ್ನೊಂದನ್ನು ಏರಿಸಿದರೆ ತೀರಿತು. ಮಾತು ಎಲ್ಲಿಗೋ ಹೋಯಿತು.

ಬರಿಗೈಯಲ್ಲಿ ಹಿಂದಿರುಗಿದವನು ಕೊನೆಗೆ ಆಚಾರಿಯೊಬ್ಬರನ್ನು ಕರೆಸಿದೆ. ಅರುವತ್ತು ದಾಟಿದವರು, ಮಾತು ಕಡಮೆ. ಕಿಟಕಿಯ ಮುಂದೆ ಕುಳಿತು, ಕನ್ನಡಕ ಮೇಲೇರಿಸಿ, ಕೆಳಗಿನ ತೂತನ್ನು ಒಂದು ಸೂಜಿಯಂಥ ಉಪಕರಣದಿಂದ ಕೆದಕಿದರು. ಕೆಂಪು ಹುಡಿ ಉದುರಿತು. ಅದರೊಡನೆ ತಲೆಯಿಲ್ಲದ ಒಂದು ತಿರುಪಿನ ಬೊಡ್ಡೆ. ಮೇಲಿನ ತಿರುಪು ಹಿತ್ತಾಳೆಯದು, ಕೆಳಗಿನದು ಕಬ್ಬಿಣದ್ದು. ಅದನ್ನು ಅಂಗೈಯಲ್ಲಿಟ್ಟುಕೊಂಡು, “ಈ ಕಬ್ಬಿಣದ್ದನ್ನು ಹಾಕಿದ್ದು ಯಾರು ಮಾರಾಯ್ರೆ?” ಎಂದು ಕೇಳಿದರು.

ಹಾಕಿದವನು ನಾನು. 2013ರಲ್ಲಿ ಆ ತುದಿಯ ಹಿತ್ತಾಳೆಯ ತಿರುಪು ಬಿದ್ದು ಕಳೆದುಹೋಯಿತು. ಮೇಜಿನ ಸೆಳೆಖಾನೆಯಲ್ಲಿ ಸಿಕ್ಕಿದ ಕಬ್ಬಿಣದ ತಿರುಪೊಂದನ್ನು ಹಾಕಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡಿದ್ದೆ.

ಮರುದಿನ ರಸಾಯನಶಾಸ್ತ್ರದ ಸಹೋದ್ಯೋಗಿಯನ್ನು ವಿಚಾರಿಸಿದೆ. ಕಬ್ಬಿಣವೂ ಹಿತ್ತಾಳೆಯೂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ತೇವವಿದ್ದರೆ ಅದೊಂದು ಪುಟ್ಟ ವಿದ್ಯುತ್ಕೋಶವೇ ಆಗುತ್ತದೆ. ಅದರಲ್ಲಿ ಕರಗುವುದು ಕಬ್ಬಿಣ, ಉಳಿಯುವುದು ಹಿತ್ತಾಳೆ. ಕಡಲಗಾಳಿಯ ಉಪ್ಪು ತೇವದಲ್ಲಿ ಸೇರಿದರೆ ಕೆಲಸ ಇನ್ನೂ ಚುರುಕು. ಹಿತ್ತಾಳೆಯ ಮೈ ದೊಡ್ಡದು, ಕಬ್ಬಿಣದ್ದು ಚಿಕ್ಕದು ಎಂದಾಗ ಆ ಚಿಕ್ಕದಕ್ಕೆ ಉಳಿವೇ ಇಲ್ಲ. ಹನ್ನೊಂದು ಮಳೆಗಾಲ ಇದು ನಮ್ಮ ಗೋಡೆಯಲ್ಲಿ ಸದ್ದಿಲ್ಲದೆ ನಡೆದಿದ್ದಿತು. ಕೆಳಗಿನ ತಿರುಪು ತೀರಿಹೋದ ಮೇಲೆ ಜಗ್ಗಿನ ಭಾರವನ್ನೆಲ್ಲ ಮೇಲಿನದೊಂದೇ ಹೊರಬೇಕಾಯಿತು. ಹಿಡಿ ಓರೆಯಾಗಿ ತಿರುಚಿಕೊಂಡು ಕುತ್ತಿಗೆಯಲ್ಲಿ ಮುರಿಯಿತು. ಎಡಗೈಯಲ್ಲಿ ಎಳೆದುದರಿಂದ ಮುರಿದುದಲ್ಲ. ಯಾರು ಎಳೆದಿದ್ದರೂ ಮುರಿಯುತ್ತಿದ್ದಿತು.

ಇದನ್ನು ತಾಯಿಯವರಿಗೆ ಹೇಳಲೇಬೇಕೆಂದೇನೂ ಇರಲಿಲ್ಲ. ಹೊಸ ಹಿಡಿ ಬಂದರೆ ಹಳೆಯದರ ಮಾತು ತಾನಾಗಿಯೇ ಮರೆಯುತ್ತದೆ ಎಂದು ಒಂದು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಅವರು ಈಚೆಗೆ ತಮ್ಮ ಕೈಯನ್ನು ನೋಡಿಕೊಳ್ಳುವ ರೀತಿಯೇ ಬೇರೆಯಾಗಿದ್ದಿತು. ನೀರಿನ ಚೊಂಬನ್ನು ಎತ್ತುವುದಕ್ಕೂ ನಮ್ಮನ್ನು ಕರೆಯತೊಡಗಿದ್ದರು, ಅದನ್ನೂ ಮುರಿಯುವೆನೇನೋ ಎಂಬಂತೆ. ರಾತ್ರಿ ಊಟವಾದ ಮೇಲೆ ಆ ತುಕ್ಕಿನ ಬೊಡ್ಡೆಯನ್ನು ತಂದು ತೋರಿಸಿ ನಡೆದುದನ್ನೆಲ್ಲ ಹೇಳಿದೆ. ಬೆರಳುಗಳಿಂದ ಹುಡಿ ಮಾಡಿ ನೋಡಿದರು. ಬಹಳ ಹೊತ್ತಿನ ಮೇಲೆ, “ಇಷ್ಟು ದಿನ ನನ್ನ ಕೈಗೆ ಸುಮ್ಮನೆ ಬಯ್ದೆನಲ್ಲ” ಎಂದರು. ನನಗೆ ಬಯ್ಯಲಿಲ್ಲ.

ಆಚಾರಿ ಹೇಳಿದಂತೆ ಮತ್ತೊಮ್ಮೆ ಪೇಟೆಗೆ ಹೋಗಿ ಬೆರಳು ದಪ್ಪದ ಹಿತ್ತಾಳೆಯ ಹಿಡಿಯನ್ನೂ ಹಿತ್ತಾಳೆಯ ತಿರುಪುಗಳನ್ನೂ ತಂದೆ. ಅದರ ಅಳತೆಯೂ 96. ತೂತು ಕೂಡುವುದಿಲ್ಲವೆಂದು ನಾನು ಕಾಗದದಲ್ಲಿ ಲೆಕ್ಕ ಬರೆದು ತೋರಿಸಹೋದರೆ ಅವರು ಕಾಗದವನ್ನು ನೋಡಲೇ ಇಲ್ಲ. “ಅಮ್ಮ ಯಾವ ಕೈಯಲ್ಲಿ ತೆಗೆಯುವುದು? ನಿಂತೋ, ಕೂತೋ?” ಎಂದು ಕೇಳಿದರು. ಮೂರು ವರ್ಷದಲ್ಲಿ ನಾನು ಕೇಳದೆ ಇದ್ದ ಪ್ರಶ್ನೆ. ತಾಯಿಯವರನ್ನು ಮಂಚದ ಅಂಚಿನಲ್ಲಿ ಕೂರಿಸಿ ಎಡಗೈ ಚಾಚಲು ಹೇಳಿದರು. ಅವರ ಬೆರಳು ಕದವನ್ನು ತಾಗಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದರು. ಆ ಗೆರೆ ಹಳೆಯ ಹಿಡಿಗಿಂತ ಸುಮಾರು ಒಂದು ಗೇಣು ಕೆಳಗಿದ್ದಿತು. ನಾನು ಐದೂವರೆ ಮಿಲಿಮೀಟರಿಗಾಗಿ ಊರೆಲ್ಲ ತಿರುಗಿದ್ದೆ.

ಮುಂದಿನ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿದೆ. ಹಳೆಯ ತೂತುಗಳನ್ನು ಹಾಗೆಯೇ ಬಿಟ್ಟರೆ ನೀರು ಕುಡಿದು ಮರ ಕೆಡುತ್ತದೆಂದು, ಹಲಸಿನದೇ ಚಿಕ್ಕ ಬೆಣೆಗಳನ್ನು ಕೆತ್ತಿ, ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಉಳಿಯಿಂದ ಸಮ ಮಾಡಿದರು. ಹೊಸ ತೂತುಗಳನ್ನು ತಿರುಪಿಗಿಂತ ಸಣ್ಣದಾಗಿ ಕೊರೆದರು. ಆಮೇಲೆ ಮಾಡಿದುದು ನನಗೆ ಬೆರಗುಂಟುಮಾಡಿತು: ಚೀಲದಿಂದ ಒಂದು ಕಬ್ಬಿಣದ ತಿರುಪನ್ನು ತೆಗೆದು, ಸೋಪಿನ ತುಂಡಿಗೆ ಉಜ್ಜಿ, ತೂತಿಗೆ ತಿರುಗಿಸತೊಡಗಿದರು. “ಮತ್ತೆ ಕಬ್ಬಿಣವೆ?” ಎಂದು ನಾನು ಹೌಹಾರಿದೆ. ಹಿತ್ತಾಳೆ ಮೆದು; ಹಲಸಿನ ಮರ ಗಟ್ಟಿ. ಹಿತ್ತಾಳೆಯ ತಿರುಪನ್ನೇ ಮೊದಲು ತುರುಕಿದರೆ ತಲೆ ಕಿತ್ತುಹೋಗುತ್ತದೆ. ಆದುದರಿಂದ ಅದೇ ಗಾತ್ರದ ಕಬ್ಬಿಣವನ್ನು ಒಮ್ಮೆ ಒಳಕ್ಕೆ ಕಳುಹಿಸಿ, ಮರದಲ್ಲಿ ಅದರ ಪಡಿಯಚ್ಚು ಮೂಡಿದ ಮೇಲೆ ಹಿಂದಕ್ಕೆ ತೆಗೆದು, ಅದೇ ದಾರಿಯಲ್ಲಿ ಹಿತ್ತಾಳೆಯನ್ನು ಬಿಡುವುದು. “ಕಬ್ಬಿಣ ದಾರಿ ಮಾಡಲಿಕ್ಕೆ ಬೇಕು, ಕೂರಲಿಕ್ಕೆ ಬೇಡ” ಎಂದರು. ಕದದ ಅಂಚನ್ನೂ ಎರಡು ಸಲ ಉಜ್ಜುಗೊರಡಿನಿಂದ ತೆಳುವಾಗಿ ಕೆರೆದರು. ಹೆಚ್ಚು ಕೆರೆದರೆ ಬೇಸಗೆಯಲ್ಲಿ ಸಂದು ಬಿಡುತ್ತದೆಂದು ಅಷ್ಟಕ್ಕೇ ನಿಲ್ಲಿಸಿದರು. ಕೂಲಿಯಾಗಿ ಅವರು ಕೇಳಿದುದು ನಾನು ಬಂದರಿಗೆ ಎರಡು ಸಲ ಆಟೋದಲ್ಲಿ ಹೋಗಿಬಂದ ಖರ್ಚಿಗಿಂತ ಕಡಮೆ.

ಮರುದಿನ ನಸುಕಿನಲ್ಲಿ ಗಾಡಿಯ ಕೂಗಿಗೆ ನನಗೂ ಎಚ್ಚರವಾಯಿತು. ಹಾಸಿಗೆಯಲ್ಲಿಯೇ ಕಿವಿಗೊಟ್ಟು ಮಲಗಿದ್ದೆ. ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಕದ ಚೌಕಟ್ಟನ್ನು ಬಿಟ್ಟ ಸದ್ದು, ಅದರ ಹಿಂದೆಯೇ ಮಳೆಯ ಸದ್ದು. ಚಹಾ ಕೊಡಲು ಹೋದಾಗ ತಾಯಿಯವರು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ಹೊಸ ಹಿಡಿ ತುಂಬ ತಣ್ಣಗಿದೆ ಎಂದರು. ಹಳೆಯದನ್ನು ಎಲ್ಲಿ ಹಾಕಿದೆ ಎಂದು ಕೇಳಿದರು. ನನ್ನ ಮೇಜಿನ ಮೇಲೆ, ಉತ್ತರಪತ್ರಿಕೆಗಳು ಹಾರದಂತೆ ಇಟ್ಟಿದ್ದೇನೆ ಎಂದೆ.

“ಅದು ಇರಲಿ. ಸೆಳೆಖಾನೆಯಲ್ಲಿರುವ ಆ ಬೇರೆ ತಿರುಪುಗಳನ್ನು ಮಾತ್ರ ಬಿಸಾಡು” ಎಂದರು.