ಬ್ಯಾಟರಿ ಡಬ್ಬಿಯ ಮೇಲಿನ 'ಟಿ6', 'ಕ್ಯೂ5' ಅಂದರೇನು?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಗೋವಿನಜೋಳದ ತೆನೆ ಹಾಲುಗಟ್ಟಿತೆಂದರೆ ರಾತ್ರಿ ಕಾವಲು ತಪ್ಪಿದ್ದಲ್ಲ. ಒಂದು ರಾತ್ರಿ ಬಿಟ್ಟರೆ ಹಂದಿ ಹಿಂಡು ನುಗ್ಗಿ ತಿಂದದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಮಂಚಿಕೆ ಮೇಲೆ ಕೂತವನಿಗೂ, ಕರೆಂಟು ಬಂದಾಗ ಎದ್ದು ನೀರು ಹಾಯಿಸುವವನಿಗೂ ಬ್ಯಾಟರಿ ಬೇಕೇ ಬೇಕು. ಬದುವಿನ ಮೇಲೆ ಹಾವು ಕಾಣುವಷ್ಟು ಬೆಳಕು ಇಲ್ಲದಿದ್ದರೆ ಜೀವಕ್ಕೇ ಸಂಚಕಾರ. ಹೀಗಾಗಿ ಬ್ಯಾಟರಿ ನಮಗೆ ಕುಡುಗೋಲಿನ ಹಾಗೇ ಒಂದು ಸಾಮಾನು.

ಆದರೆ ಸಂತೆಯಲ್ಲಿ ಕೊಳ್ಳಲು ನಿಂತರೆ ಗೊಂದಲ. ಅಂಗಡಿ ಹುಡುಗ "ಕಾಕಾ, ಇದು ಟಿ6 ಐತ್ರಿ, ಹತ್ತು ಸಾವಿರ ಲೂಮೆನ್ ರೀ" ಅನ್ನುತ್ತಾನೆ. ಟಿ6 ಅಂದರೇನಪ್ಪಾ ಎಂದರೆ ಅವನಿಗೂ ಗೊತ್ತಿಲ್ಲ. ರಿಪೇರಿ ಮಾಡುವವರನ್ನು ಕೇಳಿ, ಕಂಪನಿಯ ಮಾಹಿತಿ ಪತ್ರವನ್ನು ಮಗನಿಂದ ಮೊಬೈಲಿನಲ್ಲಿ ಓದಿಸಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮೆಣಸಿನಕಾಯಿ ಆರಿಸಿದ ಹಾಗೆ

ಬ್ಯಾಡಗಿ ಪೇಟೆಗೆ ಒಯ್ಯುವ ಮುಂಚೆ ನಾವು ಕಾಯಿ ಆರಿಸುತ್ತೇವೆ. ಒಂದೇ ಹೊಲ, ಒಂದೇ ಬೀಜ, ಒಂದೇ ಕಣದಲ್ಲಿ ಒಣಗಿದ್ದು. ಆದರೂ ಕಡುಗೆಂಪು ಬೇರೆ, ತೆಳುಗೆಂಪು ಬೇರೆ, ಬಿಳಿಗಾಯಿ ಬೇರೆ. ಬಣ್ಣ ನೋಡಿಯೇ ದರ.

ಎಲ್‌ಇಡಿಯದೂ ಇದೇ ಕತೆ. ತೆಳ್ಳನೆಯ ದುಂಡು ಬಿಲ್ಲೆಯ ಮೇಲೆ ಗ್ಯಾಲಿಯಂ ನೈಟ್ರೈಡ್ ಎಂಬ ವಸ್ತುವನ್ನು ಪದರು ಪದರಾಗಿ ಬೆಳೆಸುತ್ತಾರೆ. ಆಮೇಲೆ ಸಾವಿರಾರು ಚೂರುಗಳಾಗಿ ಕತ್ತರಿಸುತ್ತಾರೆ. ಈ ಚೂರು ಕೊಡುವುದು ನೀಲಿ ಬೆಳಕು. ಮೇಲೆ ಹಳದಿ ಪುಡಿಯ ಲೇಪ ಕೊಟ್ಟಾಗ ಅದು ಬಿಳಿಯಾಗಿ ಕಾಣುತ್ತದೆ. ಪದರಿನಲ್ಲಿ, ಲೇಪದಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆಳಕು ಬದಲಾಗುತ್ತದೆ.

ಅದಕ್ಕೇ ಕಾರ್ಖಾನೆಯಲ್ಲಿ ಯಂತ್ರವೊಂದು ಪ್ರತಿ ಎಲ್‌ಇಡಿಗೂ ಒಂದೇ ಅಳತೆಯ ಕರೆಂಟು ಕೊಟ್ಟು, ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳಕನ್ನು ಅಳೆದು, ಬೇರೆ ಬೇರೆ ಗೂಡಿಗೆ ಹಾಕುತ್ತದೆ. ಈ ಗೂಡಿಗೆ 'ಬಿನ್' ಎಂದು ಹೆಸರು. ಬೆಳಕಿನ ಪ್ರಮಾಣದಂತೆ ಬಣ್ಣಕ್ಕೂ, ವೋಲ್ಟಿಗೂ ಬೇರೆ ಬೇರೆ ಬಿನ್ ಇವೆ. ಡಬ್ಬಿಯ ಮೇಲೆ ಬರೆಯುವುದು ಹೆಚ್ಚಾಗಿ ಬೆಳಕಿನ ಬಿನ್ ಮಾತ್ರ.

ಹೆಸರು ಓದುವ ಬಗೆ

ನಮ್ಮ ಸಂತೆಯ ಡಬ್ಬಿಗಳ ಮೇಲೆ ಕಾಣುವ ಗುರುತು ಬಹಳ ಮಟ್ಟಿಗೆ ಅಮೆರಿಕದ ಕ್ರೀ ಕಂಪನಿಯ ಪದ್ಧತಿಯದು. ಹೆಸರಿನಲ್ಲಿ ಎರಡು ಭಾಗ. ಮೊದಲನೆಯದು ಜಾತಿ: ಎಕ್ಸ್‌ಪಿ-ಇ, ಎಕ್ಸ್‌ಪಿ-ಜಿ, ಎಕ್ಸ್‌ಎಂ-ಎಲ್. ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಅಂದ ಹಾಗೆ. ಎರಡನೆಯದು ದರ್ಜೆ, ಅಂದರೆ ಬಿನ್: ಕ್ಯೂ5, ಆರ್5, ಟಿ6, ಯು2.

ಎಕ್ಸ್‌ಪಿ-ಇ ಜಾತಿಗೆ 350 ಮಿಲಿಆಂಪಿಯರ್ ಕರೆಂಟು ಕೊಟ್ಟು ಅಳೆಯುತ್ತಾರೆ. ಆಗ ಕ್ಯೂ5 ಕನಿಷ್ಠ 107 ಲೂಮೆನ್, ಆರ್2 ಕನಿಷ್ಠ 114 ಲೂಮೆನ್ ಕೊಡಬೇಕು. ಎಕ್ಸ್‌ಪಿ-ಜಿ ಆರ್5 ಆದರೆ ಅಷ್ಟೇ ಕರೆಂಟಿಗೆ 139. ಎಕ್ಸ್‌ಎಂ-ಎಲ್ ದೊಡ್ಡ ಜಾತಿ, ಅದನ್ನು ಅಳೆಯುವುದು 700 ಮಿಲಿಆಂಪಿಯರಿನಲ್ಲಿ. ಟಿ5 ಅಂದರೆ 260, ಟಿ6 ಅಂದರೆ 280, ಯು2 ಅಂದರೆ 300 ಲೂಮೆನ್.

ಇದರಿಂದ ನಾವು ತಿಳಿಯಬೇಕಾದದ್ದು ಮೂರು.

1. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಫರಕು ನೂರಕ್ಕೆ ಏಳರ ಆಸುಪಾಸು. ಅಷ್ಟನ್ನು ಕಣ್ಣು ಗುರುತಿಸುವುದಿಲ್ಲ. ಟಿ6 ಬದಲು ಯು2 ಎಂದು ನೂರು ರೂಪಾಯಿ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ.

2. ಜಾತಿ ಬಿಟ್ಟು ಬರೀ ದರ್ಜೆ ಹೇಳಿದರೆ ಏನೂ ತಿಳಿಯದು. ಜಪಾನಿನ ನಿಚಿಯಾ, ಜರ್ಮನಿಯ ಓಸ್ರಾಮ್ ಕಂಪನಿಗಳ ಗುರುತೇ ಬೇರೆ.

3. ಈ ಅಂಕಿ ಎಲ್‌ಇಡಿಯ ಗುಣವನ್ನು ಹೇಳುತ್ತದೆ, ಬ್ಯಾಟರಿಯ ಬೆಳಕನ್ನಲ್ಲ. ಅದೇ ಟಿ6ಗೆ ಹೆಚ್ಚು ಕರೆಂಟು ಹರಿಸಿದರೆ ಬೆಳಕೂ ಹೆಚ್ಚು. 3 ಆಂಪಿಯರ್ ಅದರ ಮಿತಿ, ಆಗ ಸುಮಾರು 900 ಲೂಮೆನ್ ಬರಬಹುದು. ಕಡಿಮೆ ಹರಿಸಿದರೆ ನೂರೂ ಬರಲಿಕ್ಕಿಲ್ಲ. ಎಲ್‌ಇಡಿ ಕಾದರೆ ಬೆಳಕು ಇಳಿಯುತ್ತದೆ. ಮುಂದಿನ ಗಾಜು ಒಂದಿಷ್ಟು ನುಂಗುತ್ತದೆ.

ಹತ್ತು ಸಾವಿರ ಲೂಮೆನ್ ನಿಜವೇ?

ಸ್ವಲ್ಪ ಲೆಕ್ಕ ಹಾಕೋಣ. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ 100ರಿಂದ 150 ಲೂಮೆನ್ ಕೊಡುತ್ತದೆ. ಪೂರ್ತಿ ಕರೆಂಟು ಹರಿಸಿದಾಗ 100 ಎಂದೇ ಹಿಡಿಯಿರಿ. ಹತ್ತು ಸಾವಿರ ಲೂಮೆನ್ನಿಗೆ 100 ವ್ಯಾಟು ಬೇಕು. ನಮ್ಮ ಬ್ಯಾಟರಿಯಲ್ಲಿರುವುದು 18650 ಎಂಬ ಒಂದು ಲಿಥಿಯಂ ಸೆಲ್ಲು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ ಆ ಹೆಸರು. 3.7 ವೋಲ್ಟಿನ ಈ ಸೆಲ್ಲು 2500 ಮಿಲಿಆಂಪಿಯರ್ ಅವರ್‌ನದಾದರೆ ಅದರಲ್ಲಿರುವ ಶಕ್ತಿ ಸುಮಾರು 9 ವ್ಯಾಟ್ ಅವರ್. 100 ವ್ಯಾಟು ಎಳೆದರೆ ಆರು ನಿಮಿಷವೂ ಬರದು. ಅಷ್ಟು ಕರೆಂಟು ಕೊಡುವ ತಾಕತ್ತೂ ಸಾಮಾನ್ಯ ಸೆಲ್ಲಿಗೆ ಇಲ್ಲ. ಅಂದಮೇಲೆ ಡಬ್ಬಿಯ ಮೇಲಿನ ಮಾತು ಸುಳ್ಳು.

ಸೆಲ್ಲಿನ ಮೇಲೆ 9900 ಎಂದು ಬರೆದದ್ದೂ ಹಾಗೆಯೇ. ಈ ಅಳತೆಯ ಸೆಲ್ಲಿನಲ್ಲಿ ಒಳ್ಳೆಯ ಕಂಪನಿಯದು 3500ರ ಸುಮಾರು, ಅಷ್ಟೇ.

ಅದೇ ಸೆಲ್ಲಿನಿಂದ 200 ಲೂಮೆನ್ ಬೆಳಕು ಪಡೆದರೆ ನಾಕು ತಾಸು ದಾಟಿ ಬರುತ್ತದೆ. ಕಾವಲಿನವನಿಗೆ ಬೇಕಾದದ್ದು ಇದು. ಹಂದಿ ಬಂದಾಗ ಮಾತ್ರ ಜೋರು ಬೆಳಕು, ಉಳಿದ ಹೊತ್ತು ಸಣ್ಣ ಬೆಳಕು.

ಕೊಳ್ಳುವಾಗ ನೋಡಿ

* ಅಂಗಡಿಯಲ್ಲೇ ಜೋರು ಬೆಳಕಿನಲ್ಲಿ ಹತ್ತು ನಿಮಿಷ ಹಚ್ಚಿಡಿಸಿ. ಲೋಹದ ಮೈ ಬೆಚ್ಚಗಾದರೆ ಒಳ್ಳೆಯದೇ, ಒಳಗಿನ ಕಾವು ಹೊರಗೆ ಬರುತ್ತಿದೆ ಎಂದರ್ಥ. ಮೈ ತಣ್ಣಗಿದ್ದು ಬೆಳಕು ಇಳಿಯುತ್ತ ಹೋದರೆ ಬೇಡ.

* ದೂರದ ಹಂದಿ ಕಾಣಲು ಆಳವಾದ ಬಟ್ಟಲಿನ, ಕಿರಿದಾದ ಬೆಳಕು ಬೇಕು. ಬದುವಿನ ಮೇಲೆ ನಡೆಯಲು ಹರಡುವ ಬೆಳಕು. ಲೂಮೆನ್ ಅಷ್ಟೇ ಇದ್ದರೂ ಕೆಲಸ ಬೇರೆ.

* ಬಣ್ಣಕ್ಕೆ ಕೆಲ್ವಿನ್ ಅಳತೆ. 6500 ನೀಲಿ ಛಾಯೆಯ ಬಿಳಿ, 3000 ಹಳದಿ. ಮಂಜಿನಲ್ಲಿ, ಮಣ್ಣಿನ ಮೇಲೆ ಹಾವು ಗುರುತಿಸಲು 4000ದ ಆಸುಪಾಸಿನದು ನನ್ನ ಕಣ್ಣಿಗೆ ಹಿತ.

* ಕರೆಂಟಿನ ಬೆಳಕು ಸಣ್ಣದು, ಜೋರು ಎಂದು ಎರಡು ಹಂತದಲ್ಲಿ ಇರಲಿ. ಬರೀ ಮಿಣಮಿಣ ಮಿನುಗುವ ಗುಂಡಿ ಹೆಚ್ಚಿಗೆ ಇದ್ದು ಪ್ರಯೋಜನವಿಲ್ಲ.

* ಮನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ಇದ್ದರೆ ಅದೇ ನಿಮ್ಮ ಅಳತೆಗೋಲು. ಅದು ಸುಮಾರು 900 ಲೂಮೆನ್. ಕತ್ತಲೆ ಕೋಣೆಯಲ್ಲಿ ಬ್ಯಾಟರಿಯನ್ನು ಬಿಳಿ ಮಾಳಿಗೆಗೆ ಹಿಡಿದು, ಕೋಣೆ ಎಷ್ಟು ಬೆಳಗುತ್ತದೆ ಎಂದು ಬಲ್ಬಿನ ಜತೆ ಹೋಲಿಸಿ.

ಎರಡು ವರ್ಷಕ್ಕಿಂತ ಹೆಚ್ಚು ಬಾಳಿದ ಬ್ಯಾಟರಿ ಯಾರಲ್ಲಾದರೂ ಇದ್ದರೆ ಅದರ ಎಲ್‌ಇಡಿ ಯಾವುದು, ಸೆಲ್ಲು ಯಾವುದು ಎಂದು ಪತ್ರಿಕೆಗೆ ಬರೆಯಿರಿ. ಕಾವಲು ಕಾಯುವ ಹತ್ತು ಮಂದಿಗೆ ಉಪಯೋಗವಾದೀತು.